ದೊಣೆಗೆ ಸುರಿದ ಹಾಲು

ನಡೆಯಲು ನೆಲವನ್ನೂ ಜೊತೆಗೆ ನಾಲ್ವರನ್ನೂ ಕರುಣಿಸಿದ ಭಗವಂತನಿಗೆ ಮೊದಲು ವಂದನೆ.

ಬಂಗಾರಪೇಟೆಯಿಂದ ಬೂದಿಕೋಟೆಯ ಬೆಟ್ಟ ಹತ್ತಲು ಹೋದ ನಮಗೆ ದಾರಿ ತೋರಿದವರು ಆಡು ಮೇಯಿಸುವ ಒಬ್ಬ ಹಿರಿಯರು. ಕಾಲುದಾರಿಯ ಗುರುತು ಹೇಳಿ ನಮ್ಮನ್ನು ಮುಂದೆ ಬಿಟ್ಟು, ಅವರು ಎಲ್ಲರಿಗಿಂತ ಹಿಂದೆ, ಮಾತಿಗೆ ಸಿಗದಷ್ಟು ದೂರದಲ್ಲಿ ನಡೆಯುತ್ತ, ನಾವು ಬೀಳಿಸಿದ ಕಾಗದ, ಸಿಪ್ಪೆಗಳನ್ನು ಆಯ್ದು ಟವೆಲ್ಲಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. "ನಾವ್ ಬಂದಿದ್ದು ಬೆಟ್ಟುಕ್ಕೆ ಗೊತ್ತಾಗ್ಬಾರ್ದು ಸಾಮಿ" ಎಂಬುದೊಂದೇ ದಾರಿಯಲ್ಲಿ ಅವರಾಡಿದ ಮಾತು.

ನೆತ್ತಿಯ ಬಂಡೆಯಲ್ಲೊಂದು ಪುಟ್ಟ ದೊಣೆ. ಅದರಲ್ಲಿ ಎರಡು ಬಿಂದಿಗೆಯಷ್ಟು ಮಳೆನೀರು. ಪುಣ್ಯವೆಂದು ಬಗೆದು ನಾನು ಪೂಜೆಗೆಂದು ತಂದಿದ್ದ ಹಾಲನ್ನು ಅದಕ್ಕೆ ಸುರಿದೆ.

ಅವರು ಬಾಗಿ ನೋಡಿದರು. "ನಾಳಿಕ್ಕೆ ನಾರ್ತದೆ ಸಾಮಿ. ಮ್ಯಾಲಿರೋದು ಇದೊಂದೇ ನೀರು. ನರಿ, ನವಿಲು ಎಲ್ಲಿಗೋಗ್ಬೇಕು? ಇದ್ನ ಚೆಲ್ಲಿ ಕೆಳ್ಗಿಂದ ಬ್ಯಾರೆ ನೀರು ಒತ್ಕಂಡ್ ಬತ್ತೀನಿ."

"ತಿಳಿಯದೆ ಮಾಡಿಬಿಟ್ಟೆ. ನಾನೂ ಬಂದು ನೀರು ಹೊರುತ್ತೇನೆ" ಎಂದೆ.

"ಆಮ್ಯಾಕೆ ನಿಮ್ಮುನ್ನೂ ನಾನೇ ಒರ್ಬೇಕಾಯ್ತದೆ, ಬುಡಿ" ಎಂದು ನಕ್ಕರು.

ದೊಣೆಯನ್ನು ಬರಿದುಮಾಡಿ, ಪಂಚೆಯ ಅಂಚಿನಿಂದ ಒರೆಸಿ, ನಮ್ಮ ಖಾಲಿ ಕ್ಯಾನು ಹಿಡಿದು ಕೆಳಗಿನ ಬಾವಿಗೆ ಇಳಿದರು. ಸಂಜೆ ನಾವು ಬಸ್ಸು ಹತ್ತುವಾಗ ಅವರು ಮೂರನೆಯ ಸಲ, ಹೆಗಲ ಮೇಲೆ ನೀರು ಹೊತ್ತು, ಒಬ್ಬರೇ ಏರುತ್ತಿದ್ದರು. ಕೂಗಿದೆ, ಕೇಳಿಸಲಿಲ್ಲ.

ಅಂದು ಕೂಡಿ ನಡೆದವರಿಗೂ, ಆ ದೊಣೆಗೆ ಬಂದು ಕುಡಿದ ಜೀವಿಗಳಿಗೂ, ಆ ಹೆಗಲಿಗೂ ಒಳಿತಾಗಲಿ.