ಸಂಜೆಯ ನಾಲ್ಕು ಡಿಗ್ರಿ

ಬಸವನಗುಡಿಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಹದಿನಾರು ವರ್ಷ ನರ್ಸ್ ಆಗಿದ್ದೆ. ಮಕ್ಕಳ ಲಸಿಕೆ ಇಡುವ ಫ್ರಿಜ್ಜು ನನ್ನ ಜವಾಬ್ದಾರಿ. ಒಳಗೆ ಎಷ್ಟು ಡಿಗ್ರಿ ಇದೆಯೆಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ಬಾಗಿಲಿಗೆ ಅಂಟಿಸಿದ ಚಾರ್ಟಿನಲ್ಲಿ ಬರೆಯಬೇಕು. ನಾನು ಬೆಳಿಗ್ಗೆಯೇ ಎರಡನ್ನೂ ಬರೆದುಬಿಡುತ್ತಿದ್ದೆ: ನಾಲ್ಕು, ನಾಲ್ಕು. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಮಾಡುತ್ತಿದ್ದುದೂ ಅದನ್ನೇ. ಫ್ಯಾನೇ ಬೇಡದ ಊರಿನಲ್ಲಿ ಸಂಜೆಯೊಳಗೆ ಏನು ತಾನೇ ಬದಲಾಗುತ್ತದೆ?

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೇಸಿಗೆ ಬೇರೆಯೇ ಆಯಿತು. ಮಧ್ಯಾಹ್ನ ಹೋದ ಕರೆಂಟು ಸಂಜೆಯವರೆಗೂ ಬರುತ್ತಿರಲಿಲ್ಲ. ಏಪ್ರಿಲ್‌ನ ಒಂದು ಸಂಜೆ ಫ್ರಿಜ್ ತೆಗೆದರೆ ಐಸ್ ಪ್ಯಾಕುಗಳೆಲ್ಲ ಕರಗಿ ನೀರಾಗಿದ್ದವು, ಥರ್ಮಾಮೀಟರಿನಲ್ಲಿ ಹದಿನಾಲ್ಕು. ಬಾಗಿಲ ಮೇಲೆ ಆ ಸಂಜೆಯ ನಾಲ್ಕು ಆಗಲೇ ಕೂತಿತ್ತು. ಎಂಟು ದಾಟಿದರೆ ಲಸಿಕೆ ಕೆಡುತ್ತದೆ; ಎಲ್ಲವನ್ನೂ ಎಸೆದೆ. ಕೂಸುಗಳನ್ನು ಎತ್ತಿಕೊಂಡು ಬಂದ ಹೂವಿನವರಿಗೆ, ತರಕಾರಿಯವರಿಗೆ "ಮುಂದಿನ ವಾರ ಬನ್ನಿ" ಅಂದೆ. ಆ ಬೇಸಿಗೆಯಲ್ಲಿ ಮೂರು ಸಲ ಹಾಗೆ ಅಂದೆ. ಚಾರ್ಟನ್ನು ಮಾತ್ರ ತಿದ್ದಲಿಲ್ಲ. ತಿದ್ದಿದರೆ ಹಿಂದಿನದೆಲ್ಲ ಸುಳ್ಳೆಂದು ಗೊತ್ತಾಗುತ್ತಿತ್ತು.

ಕೊನೆಗೆ ಜನರೇಟರ್ ಕೇಳಲು ಆರೋಗ್ಯಾಧಿಕಾರಿಯ ಹತ್ತಿರ ಹೋದೆ.

"ಬಿಸಿಲು ಮೊದ್ಲಿನ ಹಾಗಿಲ್ಲ ಸಾರ್, ಫ್ರಿಜ್ ತಡೀತಿಲ್ಲ" ಅಂದೆ.

ಅವರು ಹಳೆಯ ಚಾರ್ಟುಗಳನ್ನೆಲ್ಲ ತರಿಸಿ, ಒಂದೊಂದೇ ಹಾಳೆ ತಿರುವಿದರು. ಕೆಟ್ಟವರಲ್ಲ, ನನಗೆ ಸಹಾಯ ಮಾಡಬೇಕೆಂದೇ ಹುಡುಕುತ್ತಿದ್ದರು.

"ಎಲ್ಲಿ ಸಿಸ್ಟರ್? ಇಷ್ಟು ವರ್ಷದಲ್ಲಿ ಒಂದಿನಾನೂ ನಾಲ್ಕು ದಾಟಿಲ್ವಲ್ಲ. ನೀವೇ ಬರ್ದಿದೀರಿ. ಇದನ್ನಿಟ್ಕೊಂಡು ನಾನು ಮೇಲಿನವ್ರಿಗೆ ಏನಂತ ಬರೀಲಿ?"