ಹಿಲ್ಡಾ ಕೊಟ್ಟ ಕಲ್ಲು, ಮೂರ್ತಿಯವರು ಮಾಡದ ಫೋನು

ಇದು 2006ರ ಮಾತು. ಆಗ ನಾವು ಲಂಡನ್ನಿನ ಇಲ್ಫರ್ಡ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಧಾರವಾಡ ಬಿಟ್ಟು ನಾಲ್ಕು ವರ್ಷವಾಗಿತ್ತು. ನನ್ನ ಯಜಮಾನರು ಅನಿಲ್ ಸರಕಾರಿ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ನಾನು ಹತ್ತಿರದ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಅರ್ಧ ದಿನ ರಿಸೆಪ್ಷನ್ ಕೆಲಸ ಮಾಡುತ್ತಿದ್ದೆ. ಇಷ್ಟು ವರ್ಷ ಕಳೆದರೂ ಆ ಮೇ ತಿಂಗಳ ಸೋಮವಾರ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಬರೆದರಾದರೂ ಸ್ವಲ್ಪ ತಣ್ಣಗಾದೀತೇನೋ ಎಂದು ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆಯಲ್ಲಿ ಹಿಲ್ಡಾ ಎಂಬ ವೃದ್ಧೆ ಒಬ್ಬರೇ ಇದ್ದರು. ವಯಸ್ಸು ಎಂಬತ್ತು. ಎರಡೂ ಮನೆಗೆ ಒಂದೇ ಗೋಡೆ. ನನ್ನ ಕುಕ್ಕರಿನ ಸೀಟಿ ಅವರಿಗೆ ಕೇಳುತ್ತಿತ್ತು, ಅವರ ರೇಡಿಯೋ ನನಗೆ ಕೇಳುತ್ತಿತ್ತು. ಹೊಸದರಲ್ಲಿ ಕೌನ್ಸಿಲ್‌ನವರು, ಅಂದರೆ ನಗರಸಭೆಯವರು, ಯಾವ ದಿನ ಕಸ ಒಯ್ಯುತ್ತಾರೆ ಎಂದು ಹೇಳಿಕೊಟ್ಟವರು ಅವರೇ. ನಾನು ಅವಲಕ್ಕಿ ಒಗ್ಗರಣೆ ಹಾಕಿದ ದಿನ ಒಂದು ಬಟ್ಟಲು ಗೋಡೆಯಾಚೆ ಹೋಗಲೇಬೇಕು. ಖಾರ ಅಂತ ಮೂಗು ಒರೆಸಿಕೊಳ್ಳುತ್ತಲೇ ಪೂರಾ ತಿನ್ನುತ್ತಿದ್ದರು.

ಅವರು ಹುಟ್ಟಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ, ಯೆಹೂದಿ ಮನೆತನದಲ್ಲಿ. ಯುದ್ಧ ಶುರುವಾಗುವ ಮೊದಲು, ಹದಿಮೂರು ವರ್ಷದ ಹುಡುಗಿಯನ್ನು ಅಪ್ಪ ಬೇರೆ ಮಕ್ಕಳ ಜೊತೆ ರೈಲಿಗೆ ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರಂತೆ. ಅಪ್ಪ ಮಾತ್ರ ಅಲ್ಲೇ ಉಳಿದರು. ನಾಜಿಗಳು ಅವರನ್ನು ಊರ ಹತ್ತಿರದ ಡಾಖಾವ್ ಕ್ಯಾಂಪಿಗೆ ಹಾಕಿದರು. ಅಲ್ಲೇ ಸತ್ತರು. "ಆ ದೇಶದ ನೆಲಕ್ಕೆ ನಾನು ಇನ್ನು ಕಾಲಿಡುವುದಿಲ್ಲ ಅಂತ ಆ ಸುದ್ದಿ ಬಂದ ದಿನವೇ ಆಣೆ ಮಾಡಿಕೊಂಡೆ" ಎಂದರು ಹಿಲ್ಡಾ. ಒಂದು ದಿನ ಚಹಾ ಕುಡಿಯುತ್ತ ಇಷ್ಟೇ ಹೇಳಿ ಮಾತು ಬದಲಿಸಿಬಿಟ್ಟರು.

ನನ್ನನ್ನು ಮಾತ್ರ ಆ ಮಾತು ಬಿಡಲಿಲ್ಲ. ಶಾಲೆಯಲ್ಲಿ ಹಿಟ್ಲರ್ ಎಂದರೆ ಎರಡು ಮಾರ್ಕಿನ ಪ್ರಶ್ನೆ ಅಷ್ಟೇ ಆಗಿತ್ತು. ಈಗ ಗೋಡೆಯ ಆಚೆಗೇ ಒಬ್ಬರಿದ್ದಾರೆ. ಕ್ಯಾಂಪನ್ನು ಈಗ ಸ್ಮಾರಕವಾಗಿ ಉಳಿಸಿದ್ದಾರೆಂದು ತಿಳಿದ ಮೇಲೆ ಹೋಗಿ ನೋಡಲೇಬೇಕು ಅನ್ನಿಸಿತು. ಟೂರಿನವರ ಬಸ್ಸಿನಲ್ಲಿ ಅಲ್ಲ, ನಾವೇ ಹೋಗಿ ನಿಧಾನವಾಗಿ ನೋಡಿ ಬರಬೇಕು. ಬೆಳಗಿನ ವಿಮಾನಕ್ಕೆ ಹೋಗಿ ಸಂಜೆಯ ವಿಮಾನಕ್ಕೆ ವಾಪಸು.

ಲೈಬ್ರರಿಯಿಂದ ಒಂದು ಗೈಡ್ ಪುಸ್ತಕ ತಂದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡೆ: ಏರ್‌ಪೋರ್ಟಿನಿಂದ ಯಾವ ರೈಲು, ಎಲ್ಲಿ ಬದಲಿಸಬೇಕು, ಸ್ಟೇಷನ್ನಿನಿಂದ ಎಷ್ಟನೇ ನಂಬರಿನ ಬಸ್ಸು, ಒಳಗೆ ಎಷ್ಟು ನಡೆಯಬೇಕು, ಶೌಚಾಲಯ ಎಲ್ಲಿ, ಕೂರಲು ಬೆಂಚು ಎಲ್ಲಿ. ಕೊನೆಗೆ ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ ಒಂದು ಸಾಲು, "ಸೋಮವಾರ ಮುಚ್ಚಿರುತ್ತದೆ". ಮೇ ಕೊನೆಯ ವಾರದಲ್ಲಿ ಅನಿಲ್‌ಗೆ ಮೂರು ದಿನ ರಜೆ ಸಿಗುತ್ತಿತ್ತು. ಶನಿವಾರ ಹೋಗುವುದೆಂದು ನಿಶ್ಚಯ ಮಾಡಿದೆ.

ಈ ಸುದ್ದಿ ಡಾಕ್ಟರ್ ಮೂರ್ತಿಯವರ ಕಿವಿಗೆ ಬಿತ್ತು. ಅವರು ಮೈಸೂರಿನವರು, ಲಂಡನ್ನಿನ ಇನ್ನೊಂದು ತುದಿಯ ಕ್ರೋಯ್ಡನ್‌ನಲ್ಲಿ ಸ್ವಂತ ಮನೆ, ಇಪ್ಪತ್ತೈದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದರು. ಅನಿಲ್‌ಗೆ ಈ ಕೆಲಸ ಸಿಗಲು ಅವರೇ ಶಿಫಾರಸು ಪತ್ರ ಬರೆದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅವರಿದ್ದಲ್ಲಿ ಬೇರೆ ಯಾರೂ ಮುಂದಾಳು ಆಗುವಂತೆಯೂ ಇರಲಿಲ್ಲ.

"ನಾವೂ ಬರ್ತೀವಮ್ಮ, ಪದ್ಮಾನೂ ಯೂರೋಪು ನೋಡಿದ ಹಾಗಾಗುತ್ತೆ" ಎಂದು ಒಂದು ಭಾನುವಾರ ಹೆಂಡತಿ ಪದ್ಮಾ ಜೊತೆ ಬಂದರು. ನನ್ನ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಪರೀಕ್ಷೆ ಪೇಪರು ತಿದ್ದುವ ಮೇಷ್ಟರ ಹಾಗೆ ಪುಟ ತಿರುವಿದರು. ಆಮೇಲೆ ಅಡಿಗೆಮನೆಯಲ್ಲಿ ತೂಗುಹಾಕಿದ್ದ ಊರಿನ ಕ್ಯಾಲೆಂಡರ್ ಮುಂದೆ ಹೋಗಿ ನಿಂತರು.

"ಶನಿವಾರ ಅಮಾವಾಸ್ಯೆ ಕಣಮ್ಮ. ಅದೂ ಅಂಥಾ ಜಾಗಕ್ಕೆ, ಅಮಾವಾಸ್ಯೆ ಬೆಳಗ್ಗೆ ಮನೆ ಬಿಟ್ಟು ಹೊರಡೋದಾ? ಬೇಡವೇ ಬೇಡ. ಭಾನುವಾರ ನನಗೆ ಡ್ಯೂಟಿ ಇದೆ. ಸೋಮವಾರ ಹೋಗೋಣ, ಹೇಗೂ ಬ್ಯಾಂಕ್ ಹಾಲಿಡೇ, ಎಲ್ಲರಿಗೂ ರಜೆ."

"ಸೋಮವಾರ ಅಲ್ಲೆ ಬಂದ್ ಇರ್ತದರಿ. ಕೆಂಪ್ ಪೆನ್ನಿಲೆ ಬರದೀನಿ, ನೋಡ್ರಿ" ಎಂದೆ.

"ನಿಮ್ಮ ಪುಸ್ತಕ ಯಾವ ಕಾಲದ್ದೋ. ನಾನು ಅಲ್ಲಿಗೇ ಫೋನ್ ಮಾಡಿ ಕೇಳ್ತೀನಿ ಬಿಡಿ" ಎಂದು ಅಲ್ಲಿಯ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿಗೆ ಹಾಕಿಕೊಂಡರು.

ಒಂದು ವಾರದ ಮೇಲೆ ಅನಿಲ್‌ಗೆ ಮೂರ್ತಿಯವರ ಫೋನ್ ಬಂತು. ವಿಚಾರಿಸಿದ್ದಾಯಿತು, ಸೋಮವಾರ ತೆಗೆದಿರುತ್ತದೆ, ಟಿಕೆಟ್ ಮಾಡಿಸಿ ಎಂದರಂತೆ. ನನಗೆ ಒಳಗೊಳಗೇ ಅನುಮಾನವಿತ್ತು. ನಾನೇ ಒಂದು ಸಲ ಫೋನ್ ಮಾಡುತ್ತೇನೆ ಎಂದೆ. ಅನಿಲ್ ಮುಖ ಚಿಕ್ಕದು ಮಾಡಿಕೊಂಡರು. "ಅಷ್ಟು ದೊಡ್ಡ ಮನುಷ್ಯಾರು ಕೇಳೀನಿ ಅಂದಮ್ಯಾಲೆ ಮತ್ತ ನಾವು ಕೇಳಿದ್ರ ಏನ್ ಅನ್ಕೋತಾರ, ವಿಜಯಾ?" ನಾನೂ ಸುಮ್ಮನಾದೆ. ಅದು ನನ್ನ ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ.

ನಮ್ಮದು ಇಂಡಿಯಾದ ಪಾಸ್‌ಪೋರ್ಟ್, ವೀಸಾ ಬೇಕು. ಕಚೇರಿಯ ಮುಂದೆ ಚಳಿಯಲ್ಲಿ ಸರದಿ ನಿಂತು, ಒಂದು ಕಾಗದ ಕಡಿಮೆಯಾಯಿತೆಂದು ಮತ್ತೊಂದು ದಿನ ನಿಂತು, ಒಂದೇ ಸಲ ಹೋಗಿ ಬರುವ ವೀಸಾ ಪಡೆದೆವು. ಮೂರ್ತಿ ದಂಪತಿಗಳದ್ದು ಬ್ರಿಟಿಷ್ ಪಾಸ್‌ಪೋರ್ಟ್. ಅವರಿಗೆ ಈ ರಗಳೆಯೇ ಇರಲಿಲ್ಲ.

ಹೊರಡುವ ಹಿಂದಿನ ದಿನ ಹಿಲ್ಡಾ ನನ್ನನ್ನು ಕರೆದರು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಕರವಸ್ತ್ರ, ಅದರೊಳಗೆ ಒಂದು ಕಲ್ಲು. ನಿಂಬೆಹಣ್ಣಿನಷ್ಟು ದೊಡ್ಡದು, ಬೂದು ಬಣ್ಣ, ತೊಳೆದು ಒರೆಸಿದ್ದರು. ಯೆಹೂದಿಗಳು ಸತ್ತವರ ಜಾಗದಲ್ಲಿ ಹೂವು ಇಡುವುದಿಲ್ಲ, ಕಲ್ಲು ಇಡುತ್ತಾರೆ ಎಂದು ಆಗ ಗೊತ್ತಾಯಿತು.

"ನನ್ನ ಹಿತ್ತಲಿನದು" ಎಂದರು. "ಐವತ್ತು ವರ್ಷದಿಂದ ಈ ಮನೆಯಲ್ಲಿದ್ದೇನೆ. ಅಪ್ಪ ನನ್ನ ಮನೆ ನೋಡಲಿಲ್ಲ. ಇದಾದರೂ ಅವರ ಹತ್ತಿರ ಇರಲಿ." ಅಪ್ಪ ಇದ್ದ ಬ್ಯಾರಕ್ಕಿನ, ಅಂದರೆ ಕೈದಿಗಳ ಉದ್ದನೆಯ ಶೆಡ್ಡಿನ, ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಇಷ್ಟು ವರ್ಷದಲ್ಲಿ ಅವರು ಯಾರನ್ನೂ ಈ ಕೆಲಸ ಕೇಳಿರಲಿಲ್ಲ. ನನ್ನನ್ನು ಕೇಳಿದರು.

ಸೋಮವಾರ ಬೆಳಿಗ್ಗೆ ಹೊರಟೆವು. ನನ್ನ ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ವಿಮಾನ, ರೈಲು, ಬಸ್ಸು ಎಲ್ಲ ಸರಿಯಾಗಿ ಸಿಕ್ಕವು. ಬಸ್ಸಿನಲ್ಲಿ ನಾವು ನಾಲ್ವರನ್ನು ಬಿಟ್ಟರೆ ಸಂತೆಗೆ ಹೊರಟ ಇಬ್ಬರು ಹೆಂಗಸರಿದ್ದರು ಅಷ್ಟೇ. ನೋಟ್‌ಬುಕ್ ತೆಗೆದು ಆ ಕೆಂಪು ಸಾಲನ್ನು ಇನ್ನೊಮ್ಮೆ ನೋಡಿದೆ.

ಇಳಿದು ನಡೆದು ಹೋದರೆ ಗೇಟಿಗೆ ಬೀಗ. ಪಕ್ಕದಲ್ಲಿ ಬೋರ್ಡು, ಜರ್ಮನ್‌ನಲ್ಲೂ ಇಂಗ್ಲಿಷಿನಲ್ಲೂ ಸ್ಪಷ್ಟವಾಗಿ, ಸೋಮವಾರ ರಜೆ. ನಾನು ಅದನ್ನು ಮೂರು ಸಲ ಓದಿದೆ. ಒಳಗೆ ಉದ್ದದ ಗೋಡೆ, ಅದರಾಚೆ ಮರಗಳ ತುದಿ. ಅಷ್ಟೇ ಕಂಡಿದ್ದು.

"ಫೋನ್ ಮಾಡಿದ್ರಿ ಅಲ್ರಿ, ಯಾರ್ ಹೇಳಿದ್ರು ತಗದಿರ್ತದ ಅಂತ?" ಎಂದು ಮೂರ್ತಿಯವರನ್ನು ಕೇಳಿದೆ.

ಉತ್ತರ ಕೊಟ್ಟವರು ಪದ್ಮಾ, ಪಾಪ, ಏನೂ ಅರಿಯದೆ. "ಇವರಿಗೆ ಎಲ್ಲಮ್ಮ ಟೈಮಿತ್ತು ಫೋನ್ ಮಾಡೋಕೆ? ಬ್ಯಾಂಕ್ ಹಾಲಿಡೇ ದಿನ ಲಂಡನ್ನಲ್ಲಿ ಎಲ್ಲಾ ಮ್ಯೂಸಿಯಮ್ಮೂ ತೆಗೆದಿರುತ್ತಲ್ಲ, ಇಲ್ಲೂ ಹಾಗೇ ಅಂದ್ಕೊಂಡ್ರು."

ಅಮಾವಾಸ್ಯೆ ನೋಡಲು ಕ್ಯಾಲೆಂಡರ್ ಮುಂದೆ ನಿಲ್ಲಲು ಟೈಮಿತ್ತು. ಒಂದು ಫೋನಿಗೆ ಟೈಮಿರಲಿಲ್ಲ. ಮಾಡಲಿಲ್ಲ ಎಂದಾದರೂ ಹೇಳಬೇಕಿತ್ತು. ಮಾಡಿದೆ ಎಂದು ಸುಳ್ಳು ಹೇಳಿದ್ದರು.

"ಆಗಿದ್ದಾಯ್ತು, ಊಟ ಮಾಡೋಣ" ಎಂದು ಮೂರ್ತಿಯವರು ಅಲ್ಲೇ ಬಸ್ ಸ್ಟಾಪಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿಸಿದರು. ತಿನ್ನುತ್ತಲೇ ಮ್ಯೂನಿಕ್‌ನಲ್ಲಿ ಒಂದು ಅರಮನೆ ಇದೆಯಂತೆ, ಸಂಜೆಯೊಳಗೆ ನೋಡಬಹುದು ಎಂದರು. ನಾನು ಕರವಸ್ತ್ರ ಹಿಡಿದುಕೊಂಡು ನಿಂತೇ ಇದ್ದೆ. ಕಲ್ಲಿನ ವಿಷಯ ವಿಮಾನದಲ್ಲೇ ಎಲ್ಲರಿಗೂ ಹೇಳಿದ್ದೆ. ಅದನ್ನು ಕಂಡು, "ಅದೇನಮ್ಮ ಕಲ್ಲು, ಇಲ್ಲೇ ಗೋಡೆ ಪಕ್ಕ ಇಟ್ಟು ಬನ್ನಿ" ಎಂದರು.

"ಅವರಪ್ಪ ಒಳಗ ಸತ್ತಾರ್ರಿ. ಹೊರಗ ಅಲ್ಲ."

"ಹಾಗಾದ್ರೆ ಬ್ಯಾಗಲ್ಲಿರಲಿ. ಇಟ್ಟೆ ಅಂತ ಹೇಳ್ಬಿಡಿ. ಎಂಬತ್ತು ವರ್ಷದ ಮುದುಕಿ, ಬಂದು ನೋಡ್ತಾಳಾ? ಅವಳಿಗೂ ಸಮಾಧಾನ, ನಿಮಗೂ ಸಮಾಧಾನ."

ಬಾಯಿಗೆ ಏನೇನೋ ಬಂತು. ಅನಿಲ್ ನನ್ನ ತೋಳು ಹಿಡಿದು "ಸುಮ್ನಿರು" ಎಂದರು. ಸುಮ್ಮನಿದ್ದೆ. ಅವರು ಮೂವರೂ ಅರಮನೆ ನೋಡಿ ಬಂದರು. ನಾನು ಮ್ಯೂನಿಕ್ ಸ್ಟೇಷನ್ನಿನ ಬೆಂಚಿನ ಮೇಲೆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಅನಿಲ್ ಮೇಲಿನ ಸಿಟ್ಟು ಇಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಮರುದಿನ ಹಿಲ್ಡಾ ಬಾಗಿಲು ತೆಗೆದರು. ಒಳ್ಳೆಯ ಉಡುಪು ಹಾಕಿಕೊಂಡಿದ್ದರು, ಕೂದಲು ಬಾಚಿ ಪಿನ್ನು ಸಿಗಿಸಿದ್ದರು. ಮೇಜಿನ ಮೇಲೆ ಯಾರಿಗೂ ತೆಗೆಯದ ಪಿಂಗಾಣಿ ಕಪ್ಪುಗಳು, ಅವರೇ ಮಾಡಿದ ಕೇಕು. ನನ್ನಿಂದ ಒಂದೊಂದು ವಿವರವೂ ಕೇಳಬೇಕೆಂದು ತಯಾರಾಗಿ ಕುಳಿತಿದ್ದರು. ಇಟ್ಟೆ ಎನ್ನುವುದು ಎಷ್ಟು ಸುಲಭವಿತ್ತೆಂದು ಆಗ ನನಗೆ ತಿಳಿಯಿತು. ಕರವಸ್ತ್ರವನ್ನು ಬಿಚ್ಚಿ ಕಲ್ಲನ್ನು ಅವರ ಮುಂದಿಟ್ಟೆ. ನಡೆದದ್ದೆಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ.

ಹಿಲ್ಡಾ ಕಲ್ಲನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಟ್ಟರು. "ನೀನು ಇಟ್ಟೆ ಅಂದಿದ್ದರೆ ನಾನು ನಂಬುತ್ತಿದ್ದೆ" ಎಂದರು. ಆಮೇಲೆ ನನ್ನ ನೋಟ್‌ಬುಕ್ ತರಲು ಹೇಳಿದರು. ಕನ್ನಡದಲ್ಲಿದ್ದುದನ್ನು ನಾನು ಓದಿ ಹೇಳುತ್ತ ಹೋದೆ. ಬೆಂಚುಗಳ ಪುಟ ಬಂದಾಗ ತಡೆದರು. "ಎಷ್ಟು ದೂರಕ್ಕೊಂದು ಬೆಂಚು ಇದೆ?" ಹೇಳಿದೆ. "ಹಾಗಾದರೆ ನನ್ನ ಕೈಲಿ ಆಗುತ್ತದೆ. ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಾಯುವಷ್ಟು ವಯಸ್ಸು ನನಗೆ ಉಳಿದಿಲ್ಲ."

ಮತ್ತೆ ವೀಸಾಕ್ಕೆ ನಿಂತೆ. ಸೆಪ್ಟೆಂಬರಿನ ಒಂದು ಭಾನುವಾರ ನಾವಿಬ್ಬರೇ ಹೋದೆವು. ಈ ಸಲ ಫೋನ್ ಮಾಡಿದವಳು ನಾನೇ, ಎರಡು ಸಲ. ಗೇಟಿನ ಮುಂದೆ ಹಿಲ್ಡಾ ಕಾಲು ಕಿತ್ತಿಡಲಾರದೆ ನಿಂತುಬಿಟ್ಟರು. ಅರ್ಧ ಗಂಟೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತು ಮೂಡಿತ್ತು. ವಾಪಸು ಹೋಗೋಣವೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ನೋಡುವವರಿಗೆಂದು ಹೊಸದಾಗಿ ಕಟ್ಟಿದ ಎರಡನ್ನು ಬಿಟ್ಟರೆ ಒಳಗೆ ಬ್ಯಾರಕ್ಕುಗಳಿಲ್ಲ, ನೆಲದ ಮೇಲೆ ಪಾಯದ ಗುರುತು ಮತ್ತು ನಂಬರು ಮಾತ್ರ ಉಳಿದಿವೆ. ಚೀಟಿಯಲ್ಲಿದ್ದ ನಂಬರು ಸಿಕ್ಕಿತು. ಕೋಲು ನನ್ನ ಕೈಗೆ ಕೊಟ್ಟು, ಮೊಣಕಾಲೂರಿ ಕಲ್ಲನ್ನು ತಾವೇ ಇಟ್ಟರು. ಜರ್ಮನ್‌ನಲ್ಲಿ ಏನೋ ಹೇಳಿದರು. ಅವರು ಆ ಭಾಷೆ ಆಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ವಾಪಸು ಬರುವಾಗ ವಿಮಾನದಲ್ಲಿ ಹೇಳಿದರು. "ಅರವತ್ತಕ್ಕೂ ಹೆಚ್ಚು ವರ್ಷ ಆಣೆ ಕಾಪಾಡಿಕೊಂಡಿದ್ದೆ. ಆ ಮನುಷ್ಯ ಒಂದು ಫೋನ್ ಮಾಡಿದ್ದರೆ ಅದು ಉಳಿಯುತ್ತಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಬಂದ ಮೇಲೆ ಹತ್ತು ದಿನ ಬಾಗಿಲು ತೆಗೆಯಲಿಲ್ಲ. ಗೋಡೆಯಾಚೆ ರೇಡಿಯೋ ಕೇಳಿಸಲಿಲ್ಲ. ಅವಲಕ್ಕಿಯ ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದೆ. ಹಾಗೇ ಇರುತ್ತಿತ್ತು.

ಆ ವರ್ಷದ ದೀಪಾವಳಿಗೆ ಕ್ರೋಯ್ಡನ್‌ನ ಒಂದು ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟದ ತಟ್ಟೆ ಹಿಡಿದು ಮೂರ್ತಿಯವರು ಏಳೆಂಟು ಜನರ ಮಧ್ಯೆ ನಿಂತು ಕತೆ ಹೇಳುತ್ತಿದ್ದರು. "ನಾನು ಅಮಾವಾಸ್ಯೆ ಬೇಡ ಅಂತ ದಿನ ಬದಲಾಯಿಸಿದ್ದಕ್ಕೇ ನೋಡಿ, ಆ ಮುದುಕಿ ತಾನೇ ಹೋಗಿ ಅಪ್ಪನಿಗೆ ಕಲ್ಲಿಡೋ ಯೋಗ ಬಂತು. ಆಗೋದೆಲ್ಲಾ ಒಳ್ಳೇದಕ್ಕೇನೆ." ಜನ ತಲೆದೂಗಿದರು.

ಈ ಸಲ ಅನಿಲ್ ನನ್ನ ತೋಳು ಹಿಡಿಯುವ ಮೊದಲೇ ಮುಂದೆ ಹೋದೆ. "ನೀವು ಫೋನ್ ಮಾಡಿರ್ಲಿಲ್ರಿ ಡಾಕ್ಟ್ರ. ಮಾಡೀನಿ ಅಂತ ಸುಳ್ಳು ಹೇಳಿದ್ರಿ. ಅವರು ಯೋಗಕ್ಕ ಹೋಗಲಿಲ್ಲ, ನಿಮ್ಮ ಸುಳ್ಳಿನ ಸಲುವಾಗಿ ಹೋದ್ರು. ತಪ್ಪಾತು ಅಂತ ಒಂದು ಮಾತು ಅವರಿಗೆ ಹೇಳ್ರಿ, ಸಾಕು." ಕಾಗದದ ನ್ಯಾಪ್‌ಕಿನ್ ಮೇಲೆ ಹಿಲ್ಡಾರ ಫೋನ್ ನಂಬರು ಬರೆದು ಎಲ್ಲರೆದುರೇ ಅವರ ಕೈಗೆ ಕೊಟ್ಟೆ. ಅವರು ಕೆಂಪಾದರು, ನ್ಯಾಪ್‌ಕಿನ್ ಮಡಿಸಿ ಜೇಬಿನಲ್ಲಿಟ್ಟರು. "ಮಾಡ್ತೀನಮ್ಮ, ಖಂಡಿತ ಮಾಡ್ತೀನಿ" ಎಂದರು.

ಹಿಲ್ಡಾ ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ಅಷ್ಟೆಲ್ಲ ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದೀ, ಕ್ಷಮಿಸಿಬಿಡು ಎಂದು ಅನಿಲ್ ಈಗಲೂ ಹೇಳುತ್ತಾರೆ. ನಾನೂ ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಆ ಮೂರು ವರ್ಷವೂ ಫೋನ್ ಬಂತೇ ಎಂದು ನಾನು ಹಿಲ್ಡಾರನ್ನು ಆಗಾಗ ಕೇಳುತ್ತಲೇ ಇದ್ದೆ. ಆ ಫೋನನ್ನೂ ಮೂರ್ತಿಯವರು ಮಾಡಲಿಲ್ಲ.