ಹುಟ್ಟಿದ್ದು ಮೂರು

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮೊಬೈಲಿಗೆ ಸಂದೇಶ ಬಂತು: ಜನಗಣತಿಯ ತರಬೇತಿಗೆ ಹಾಜರಾಗಬೇಕು. ಮೊಣಕಾಲು ನೋವೆಂದು ಅರ್ಜಿ ಕೊಟ್ಟು ತಪ್ಪಿಸಿಕೊಳ್ಳೋಣ ಅನ್ನಿಸಿದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಹಿಂದಿನ ಗಣತಿಯ ಒಂದು ಮನೆ ನೆನಪಾಯಿತು. ಚಹಾ ಹಾಗೇ ಆರಿಹೋಯಿತು.

ಆಗ ನಾನು ಯಲಬುರ್ಗಾ ಕಡೆಯ ಸಣ್ಣ ಊರೊಂದರ ಶಾಲೆಗೆ ಟೀಚರಾಗಿ ಹೊಸದಾಗಿ ಬಂದಿದ್ದೆ; ಆ ಊರಿನ ಗಣತಿಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಗುಡಿಯ ಸುತ್ತ ಲಿಂಗಾಯತರ ಮನೆಗಳು, ಅವುಗಳ ಹಿಂದೆ ಅಂಗಳದಲ್ಲಿ ಕುರಿ ಕಟ್ಟಿದ ಕುರುಬರ ಮನೆಗಳು, ಹಳ್ಳದ ದಂಡೆಗೆ ಮಾದಿಗರ ಓಣಿ, ನಡುವೆ ಎರಡು ಮುಸಲ್ಮಾನರ ಮನೆ, ಒಂದು ಬಡಿಗೇರರ ಮನೆ. ಊರೆಂದರೆ ಇಷ್ಟು, ಬರೆದು ಮುಗಿಸಿದರಾಯಿತು ಎಂದುಕೊಂಡಿದ್ದೆ. ಅಕ್ಷರ ದುಂಡಗಿದೆ ಎಂಬ ಜಂಬ ಬೇರೆ. ಕಾಟು ಹೊಡೆದು ಬರೆಯುವ ಮಕ್ಕಳಿಗೆ ನನ್ನಿಂದ ಬೈಗುಳ ತಪ್ಪುತ್ತಿರಲಿಲ್ಲ.

ಕುರುಬರ ಓಣಿಯಲ್ಲಿ ಬೀರಪ್ಪನ ಮನೆ. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ. ಒಳಗೆ ಅವನ ಹೆಂಡತಿ ಕೆಂಚವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಪ್ರಶ್ನೆಗೂ ಅವನೇ ಉತ್ತರ ಕೊಟ್ಟ. ಹೆಂಡತಿಗೆ ಹುಟ್ಟಿದ ಮಕ್ಕಳೆಷ್ಟು ಎಂದಾಗಲೂ ಅವನೇ ಹೇಳಿದ, "ಎರಡ್ರಿ."

ಬರೆದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಕೆಂಚವ್ವ ಬಾಗಿಲಿಗೆ ಬಂದಳು.

"ಮೂರು ಅಂತ ಬರಕೋರಿ ಟೀಚರ್."

ಬೀರಪ್ಪ ನೆಲ ನೋಡಿದ. "ಒಂಬತ್ತ ದಿನಕ್ಕ ಹೋದ ಕೂಸು ಅದು. ಹೆಸರ ಸೈತ ಇಟ್ಟಿದ್ದಿಲ್ಲ."

"ಅವರು ಹೆಸರು ಕೇಳ್ಯಾರೇನು? ಹುಟ್ಟಿದ್ದೆಷ್ಟು ಅಂತ ಕೇಳ್ಯಾರ."

ನಾನಾದರೋ "ಬರೆದಾಗೇತಲ್ಲವಾ" ಅಂದೆ! ಒಬ್ಬ ತಾಯಿಯ ಎದುರು ನನಗೆ ನನ್ನ ಚೊಕ್ಕ ಹಾಳೆಯದೇ ಚಿಂತೆ. ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

"ತಪ್ಪಾದ್ರ ತಿದ್ದಾಕ ಬರಾಂಗಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಬರೆದಿದ್ದ ಎರಡಕ್ಕೆ ಕಾಟು ಹೊಡೆದೆ. ಹುಟ್ಟಿದ್ದು ಮೂರು, ಇರುವುದು ಎರಡು. ಎಲ್ಲಿ ಬರೆದಿರಿ ಎಂದು ಅವಳು ಬಗ್ಗಿದಾಗ ಅವಳ ಬೆರಳು ಹಿಡಿದು ಅಂಕಿಯ ಮೇಲಿಟ್ಟೆ. ಸಜ್ಜೆ ಹಿಟ್ಟು ಹಾಳೆಗೆ ಅಂಟಿತು. ಒರೆಸಲಿಲ್ಲ.

"ಇದು ದಿಲ್ಲಿಗೆ ಹೋಗ್ತೈತೇನ್ರಿ?"

"ಹೋಗ್ತೈತಿ."

"ಹೆಣ್ಣಕೂಸಿತ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿಯ ಸಪ್ಪಳ ಮತ್ತೆ ಕೇಳಿಸಿತು.

ಮುಂದಿನ ಮನೆಯ ನಾಯಿಗೆ ನಾನು ಅಂಜುತ್ತಿದ್ದುದರಿಂದ ಬೀರಪ್ಪ ಜೊತೆಗೆ ಬಂದ. ಓಣಿಯ ತಿರುವಿನಲ್ಲಿ ನಿಂತ.

"ನಾ ಮರತೀನಿ ಅಂತ ತಿಳ್ಕೋಬ್ಯಾಡ್ರಿ. ಆಕಿ ಮರತಿರ್ಲಿ ಅಂತ ಎರಡು ಅಂದೆ. ಆಕೀನೂ ನನ್ನ ಸಲುವಾಗೇ ಇಷ್ಟು ದಿನ ಸುಮ್ಮನಿದ್ಲೋ ಏನೋ."

ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡು, ನಾಯಿಯನ್ನು ಗದರಿಸಿ, ಹೊರಟುಹೋದ.

ಈ ಕಥೆಯನ್ನು ಶಾಲೆಯಲ್ಲಿ, ಬಸ್ಸಿನಲ್ಲಿ ಎಷ್ಟು ಮಂದಿಗೆ ಹೇಳಿದ್ದೇನೋ. ಪ್ರತಿ ಸಲವೂ ಕೆಂಚವ್ವನ ಮಾತಿಗೇ ನಿಲ್ಲಿಸುತ್ತಿದ್ದೆ. ಕೇಳಿದವರು "ಗಂಡಸರೇ ಹಾಗೆ" ಎನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಬೀರಪ್ಪನ ಮಾತನ್ನು ಯಾಕೆ ಬಿಟ್ಟೆನೋ ತಿಳಿಯದು. ನಿಮಗೆ ಹೇಳುವಾಗಲೇ ಅದು ಪೂರ್ತಿಯಾಗಿ ಬಾಯಿಗೆ ಬಂದದ್ದು.

ತರಬೇತಿಗೆ ಬರುತ್ತೇನೆಂದು ಉತ್ತರ ಕಳಿಸಿದೆ. ಹೊಸ ಟೀಚರುಗಳಿಗೆ ಒಂದು ಮಾತು ಹೇಳಬೇಕಾಗಿದೆ: ಆ ಪ್ರಶ್ನೆಯನ್ನು ಹೆಂಗಸಿಗೇ ಕೇಳಿ. ಗಂಡ ಮನೆಯಲ್ಲಿದ್ದರೆ ಅವನನ್ನೂ ಪಕ್ಕಕ್ಕೆ ಕೂಡಿಸಿಕೊಳ್ಳಿ. ಉತ್ತರ ಬರುವ ತನಕ ಅವಸರ ಮಾಡಬೇಡಿ.